ಪಾರಂಪರಿಕ ಕಾರುಗಳ ಸಾಮೂಹಿಕ ಪ್ರವಾಸ

ಪಾರಂಪರಿಕ ಕಾರುಗಳ ಸಾಮೂಹಿಕ ಪ್ರವಾಸ ಎಂದರೆ ಹಳೆಯ ಮಾದರಿಯ ಕಾರುಗಳ ಮಾಲೀಕರು ತಂಡವಾಗಿ ಸೇರಿ, ನಿಸರ್ಗರಮ್ಯ ಮಾರ್ಗಗಳಲ್ಲಿ ಹಲವು ದಿನಗಳ ಕಾಲ ಕೈಗೊಳ್ಳುವ ಯಾತ್ರೆ. ಇದು ವೇಗದ ಸ್ಪರ್ಧೆಯಲ್ಲ; ಎಲ್ಲ ವಾಹನಗಳೂ ಸುರಕ್ಷಿತವಾಗಿ ಗುರಿ ತಲುಪುವುದೇ ಇದರ ಉದ್ದೇಶ. ಕರ್ನಾಟಕದಲ್ಲಿ ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರಗಳ ಮೂಲಕ ನೀಲಗಿರಿಗೆ ಸಾಗುವ ಹೆದ್ದಾರಿ ಹಾಗೂ ಚಾಮರಾಜನಗರ ಜಿಲ್ಲೆಯ ರಸ್ತೆಗಳು ಇಂತಹ ಪ್ರವಾಸಕ್ಕೆ ಒದಗುತ್ತವೆ.

ಹಿನ್ನೆಲೆ

1896ರಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ನಡೆದ ಮೋಟಾರು ಯಾತ್ರೆಯ ಸ್ಮರಣಾರ್ಥ ಓಟವು ಈ ಬಗೆಯ ಕಾರ್ಯಕ್ರಮಗಳಲ್ಲಿ ಬಹಳ ಹಳೆಯದು. ಭಾರತದಲ್ಲಿ 'ದಿ ಸ್ಟೇಟ್ಸ್‌ಮನ್' ಪತ್ರಿಕೆಯು 1964ರಲ್ಲಿ ದೆಹಲಿಯಲ್ಲಿ ಹಳೆಯ ಕಾರುಗಳ ರ‍್ಯಾಲಿಯನ್ನು ಆರಂಭಿಸಿತು. 1966ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಒಕ್ಕೂಟ 'ಫಿವಾ' ಕನಿಷ್ಠ 30 ವರ್ಷ ಹಳೆಯದಾದ, ಮೂಲಸ್ವರೂಪ ಉಳಿಸಿಕೊಂಡ ವಾಹನಗಳನ್ನು ಐತಿಹಾಸಿಕವೆಂದು ಪರಿಗಣಿಸುತ್ತದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಮತ್ತು ಶ್ರೀರಂಗಪಟ್ಟಣದ ಬಳಿಯ 'ಪಯಣ' ಕಾರು ಸಂಗ್ರಹಾಲಯಗಳಲ್ಲಿ ಹಳೆಯ ಕಾರುಗಳನ್ನು ಕಾಣಬಹುದು.

ಕಾನೂನು

2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಹೊರಕವಚ ಹಾಗೂ ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಾಗದ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ₹20,000 ಹಾಗೂ ಮರುನೋಂದಣಿಗೆ ₹5,000 ಶುಲ್ಕವಿದ್ದು, ನೋಂದಣಿಯ ಅವಧಿ 10 ವರ್ಷ. ಸಂಖ್ಯಾಫಲಕದಲ್ಲಿ 'ವಿಎ' ಅಕ್ಷರಗಳಿರುತ್ತವೆ. ಇಂತಹ ವಾಹನಗಳನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ‍್ಯಾಲಿ, ಇಂಧನ ತುಂಬಿಸುವಿಕೆ ಮತ್ತು ದುರಸ್ತಿಗಾಗಿ ಮಾತ್ರ ರಸ್ತೆಗಿಳಿಸಬಹುದು. ವಾಣಿಜ್ಯ ಬಳಕೆಗೆ ಅವಕಾಶವಿಲ್ಲ. ಆದ್ದರಿಂದ ಸಂಘಟಕರು ಪ್ರವಾಸದ ಸ್ವರೂಪದ ಬಗ್ಗೆ ಸಾರಿಗೆ ಇಲಾಖೆಯಿಂದ ಮೊದಲೇ ಸ್ಪಷ್ಟನೆ ಪಡೆಯಬೇಕಾಗುತ್ತದೆ.

ಮಾರ್ಗ

ಮೈಸೂರಿನಿಂದ ಗುಂಡ್ಲುಪೇಟೆಗೆ ಸುಮಾರು 60 ಕಿ.ಮೀ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 766 ವಯನಾಡಿನ ಕಡೆಗೂ, 181 ಊಟಿಯ ಕಡೆಗೂ ಕವಲೊಡೆಯುತ್ತವೆ. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದೊಳಗಿನ ಈ ಎರಡೂ ರಸ್ತೆಗಳಲ್ಲಿ ವನ್ಯಜೀವಿಗಳ ರಕ್ಷಣೆಗಾಗಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧ ಜಾರಿಯಲ್ಲಿದೆ. ಕಾಡಿನೊಳಗೆ ವಾಹನ ನಿಲ್ಲಿಸುವಂತಿಲ್ಲ. ಕೆಟ್ಟುನಿಂತ ಒಂದು ಕಾರು ಇಡೀ ತಂಡವನ್ನು ಅಪಾಯಕ್ಕೆ ಸಿಲುಕಿಸಬಹುದಾದ ಕಾರಣ, ಮಧ್ಯಾಹ್ನದೊಳಗೆ ಅರಣ್ಯಭಾಗವನ್ನು ದಾಟುವಂತೆ ವೇಳಾಪಟ್ಟಿ ರೂಪಿಸುವುದು ಸೂಕ್ತ. 2024ರ ಮೇ 7ರಿಂದ ಊಟಿ ಪ್ರವೇಶಕ್ಕೆ ಇ-ಪಾಸ್ ವ್ಯವಸ್ಥೆ ಜಾರಿಗೆ ಬಂದಿದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ಬಿಡುವುದಿಲ್ಲ. ತಪ್ಪಲಿನಿಂದ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಹೋಗಬೇಕು.

ಚಾಮರಾಜನಗರ ತಾಲ್ಲೂಕಿನ ಕುದೇರು, ಸಂತೆಮರಹಳ್ಳಿ ಭಾಗದ ರಸ್ತೆಗಳು ಬಯಲಿನಲ್ಲಿ ಸಾಗುವುದರಿಂದ ಘಟ್ಟ ಏರುವ ಮುನ್ನ ವಾಹನಗಳನ್ನು ಪರೀಕ್ಷಿಸಲು ಅನುಕೂಲ. ಆದರೆ ಈ ಜಿಲ್ಲೆಯಲ್ಲಿ ಸುಗ್ಗಿಯ ಕಾಲದಲ್ಲಿ ಹುರುಳಿ ಮುಂತಾದ ಬೆಳೆಗಳನ್ನು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡುವ ರೂಢಿಯಿದೆ. ಒಣ ಸೊಪ್ಪು ಕಾರಿನ ತಳಭಾಗಕ್ಕೆ ಸುತ್ತಿಕೊಂಡು, ಬಿಸಿಯಾದ ಹೊಗೆಕೊಳವೆಗೆ ತಾಗಿ ಬೆಂಕಿ ಹತ್ತುವ ಸಂಭವವಿರುವುದರಿಂದ ಅಂತಹ ರಸ್ತೆಗಳನ್ನು ಬಳಸದಿರುವುದು ಒಳಿತು.

ಯಾಂತ್ರಿಕ ಸಿದ್ಧತೆ

ಹಳೆಯ ಕಾರುಗಳ ಡ್ರಮ್ ಬ್ರೇಕುಗಳು ದೀರ್ಘ ಇಳಿಜಾರಿನಲ್ಲಿ ಕಾದು ಹಿಡಿತ ಕಳೆದುಕೊಳ್ಳುತ್ತವೆ. ಇದನ್ನು ತಪ್ಪಿಸಲು ಏರುವಾಗ ಬಳಸಿದ ಗೇರಿನಲ್ಲಿಯೇ ಇಳಿಯಬೇಕು. ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿ ಘಟ್ಟದಲ್ಲಿ 36 ಕಡಿದಾದ ತಿರುವುಗಳಿವೆ. ಗೂಡಲೂರು ಮಾರ್ಗ ದೂರವಾದರೂ ಇಳಿಜಾರು ಕಡಿಮೆ. ಏರುದಾರಿಯಲ್ಲಿ ರೇಡಿಯೇಟರ್ ಕುದಿಯುವುದು, ಇಂಧನ ಕೊಳವೆಯಲ್ಲಿಯೇ ಪೆಟ್ರೋಲು ಆವಿಯಾಗಿ ಎಂಜಿನ್ ನಿಲ್ಲುವುದು ಸಾಮಾನ್ಯ. ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ಕೊಳವೆಗಳನ್ನು ಹಾಳುಮಾಡುವುದರಿಂದ ಅವುಗಳನ್ನು ಮೊದಲೇ ಬದಲಾಯಿಸಬೇಕು. ಫ್ಯಾನ್ ಬೆಲ್ಟ್, ಪ್ಲಗ್ಗು, ಕಾಂಟ್ಯಾಕ್ಟ್ ಪಾಯಿಂಟ್, ಕಂಡೆನ್ಸರ್, ನೀರು ಹಾಗೂ ಅಗ್ನಿಶಾಮಕ ಪ್ರತಿ ಕಾರಿನಲ್ಲಿರಬೇಕು.

ತಂಡದ ನಿರ್ವಹಣೆ

ಮುಂಚೂಣಿಯಲ್ಲಿ ದಾರಿ ಬಲ್ಲ ವಾಹನ, ಕೊನೆಯಲ್ಲಿ ಮೆಕ್ಯಾನಿಕ್ ಇರುವ ಬೆಂಬಲ ವಾಹನ ಸಾಗುತ್ತವೆ. ಇತರ ವಾಹನಗಳಿಗೆ ಅಡ್ಡಿಯಾಗದಂತೆ ನಾಲ್ಕೈದು ಕಾರುಗಳ ಗುಂಪುಗಳನ್ನು ಮಾಡಿ, ಗುಂಪುಗಳ ನಡುವೆ ಅಂತರವಿಡಲಾಗುತ್ತದೆ. ಅತ್ಯಂತ ನಿಧಾನವಾದ ಕಾರಿನ ಸಾಮರ್ಥ್ಯವನ್ನು ಆಧರಿಸಿ ದಿನದ ದೂರವನ್ನು ನಿಗದಿಪಡಿಸಲಾಗುತ್ತದೆ. ಘಟ್ಟದ ರಸ್ತೆಯಲ್ಲಿ ಏರುತ್ತಿರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ನಿಯಮ. ಹಳೆಯ ಕಾರುಗಳ ದೀಪಗಳು ಮಂದವಾಗಿರುವುದರಿಂದ ಕತ್ತಲಾಗುವ ಮುನ್ನ ತಂಗುದಾಣ ಸೇರುವುದು ವಾಡಿಕೆ.