ಒಹಾಡಾ

‘ಆಫ್ರಿಕಾದಲ್ಲಿ ವ್ಯಾಪಾರ ಕಾನೂನಿನ ಹೊಂದಾಣಿಕೆಗಾಗಿ ಸಂಸ್ಥೆ’ ಎಂಬ ಉದ್ದನೆಯ ಫ್ರೆಂಚ್ ಹೆಸರಿನ ಮೊದಲಕ್ಷರಗಳು ಸೇರಿ ಆದ ಪದ. 1993ರ ಅಕ್ಟೋಬರ್ 17ರಂದು ಮಾರಿಷಸ್‌ನ ಪೋರ್ಟ್ ಲೂಯಿಯಲ್ಲಿ ಈ ಸಂಸ್ಥೆಯನ್ನು ಹುಟ್ಟುಹಾಕಿದ ಒಪ್ಪಂದಕ್ಕೆ ಸಹಿ ಬಿತ್ತು. ಆತಿಥ್ಯ ಕೊಟ್ಟ ಮಾರಿಷಸ್ ಮಾತ್ರ ಇಂದಿಗೂ ಸದಸ್ಯನಲ್ಲ! ಸದಸ್ಯ ದೇಶಗಳು ಈಗ 17.

ಫ್ರೆಂಚ್ ಹೆಸರಿನಲ್ಲಿ ‘ಹೊಂದಾಣಿಕೆ’ಯನ್ನು ಸೂಚಿಸುವ ‘ಹಾರ್ಮನಿ’ಯ ಬೇರು ಗ್ರೀಕಿನ ಹಾರ್ಮೋನಿಯಾ: ಬೆಸುಗೆ, ಕೀಲು. ಹೋಮರನಲ್ಲಿ ಅದು ತೆಪ್ಪದ ಮರಗಳನ್ನು ಬಿಗಿಯುವ ಜೋಡಣೆ. ಸಂಗೀತದ ಅರ್ಥ ಆಮೇಲಿನದು. ಆದರೆ ಒಹಾಡಾ ಮಾಡುವುದು ಬರಿಯ ಜೋಡಣೆಯಲ್ಲ. ಸದಸ್ಯ ದೇಶಗಳ ನ್ಯಾಯ ಮತ್ತು ಹಣಕಾಸು ಸಚಿವರು ಅಂಗೀಕರಿಸಿದ ‘ಏಕರೂಪ ಕಾಯ್ದೆ’ ಸಂಸತ್ತುಗಳ ಅಪ್ಪಣೆಗೆ ಕಾಯದೆ ನೇರ ಜಾರಿಯಾಗುತ್ತದೆ. ಅದಕ್ಕೆ ವಿರುದ್ಧವಾದ ದೇಶೀಯ ಕಾನೂನು ನಿಲ್ಲುವುದಿಲ್ಲ. ಇದನ್ನು ಹೊಂದಾಣಿಕೆ ಎನ್ನುವುದು ಸೌಜನ್ಯದ ಮಾತು, ನಿಜಕ್ಕೂ ಇದು ಏಕೀಕರಣ.

1997ರಲ್ಲಿ ಬಂದು 2014ರಲ್ಲಿ ಪರಿಷ್ಕೃತವಾದ ಕಂಪನಿ ಕಾಯ್ದೆ ಇದಕ್ಕೆ ಉದಾಹರಣೆ. ಷೇರು ಕಂಪನಿಯ ಆಡಳಿತ ಮಂಡಳಿಯ ಅಧ್ಯಕ್ಷನೇ ಮುಖ್ಯ ವ್ಯವಸ್ಥಾಪಕನೂ ಆಗಬಹುದೇ, ಎರಡು ಕುರ್ಚಿಗೆ ಇಬ್ಬರೇ? ಎರಡಕ್ಕೂ ಅವಕಾಶವಿದೆ. ಆ ಆಯ್ಕೆಯ ನಿಯಮ ಡಕಾರ್‌ನಲ್ಲಿ ಹೇಗೋ ಕಿನ್ಶಾಸಾದಲ್ಲೂ ಹಾಗೆಯೇ. ತಕರಾರು ಬಂದರೆ ಕೊನೆಯ ಮಾತು ಅಬಿಜಾನ್‌ನಲ್ಲಿರುವ, ಎಲ್ಲ ಸದಸ್ಯ ದೇಶಗಳ ಜಂಟಿ ನ್ಯಾಯಾಲಯದ್ದು.

ಫ್ರೆಂಚ್ ಭಾಷೆಯಲ್ಲಿ ಒಹಾಡಾ ಪದದಿಂದ ‘ಒಹಾಡಿಯೆನ್’ ಎಂಬ ಗುಣವಾಚಕವೂ ಹುಟ್ಟಿದೆ. ಮೊದಲು ಸಂಸ್ಥೆಯಲ್ಲಿ ಫ್ರೆಂಚ್ ಒಂದೇ ಕೆಲಸದ ಭಾಷೆಯಾಗಿತ್ತು. ಇಂಗ್ಲಿಷ್, ಸ್ಪ್ಯಾನಿಷ್, ಪೋರ್ಚುಗೀಸ್‌ಗಳಿಗೆ ಒಪ್ಪಂದದ 2008ರ ತಿದ್ದುಪಡಿ ಜಾಗ ಕೊಟ್ಟಿತು.