ನದೀತೀರದ ಊರುಗಳೂ ಅವುಗಳ ಹಳೆಯ ಕಟ್ಟಡಗಳೂ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಇವೆರಡರ ನಡುವೆ ಸಮೀರವಾಡಿಯ ಸುತ್ತಲಿನ ಕಬ್ಬಿನ ಸೀಮೆಯು ಹಬ್ಬಿಕೊಂಡಿರುವದು. ಜಮಖಂಡಿ, ರಬಕವಿ, ಬನಹಟ್ಟಿ, ತೇರದಾಳ, ಮುಧೋಳಗಳು ಈ ಸೀಮೆಯ ಹಳೆಯ ಊರುಗಳು. ಇವನ್ನು ಸಾಕಿ ಬೆಳೆಯಿಸಿದವು ಈ ನದಿಗಳೇ. ಆದರೆ ಕಟ್ಟಿ ನಿಲ್ಲಿಸಿದ ನೀರು ಊರನ್ನೇ ನುಂಗಬಲ್ಲುದೆಂಬುದನ್ನು ಸಹ ಈ ಜಿಲ್ಲೆಯು ಕಂಡಿರುತ್ತದೆ.

ಊರು ಅಳಿದರೂ ಅದರ ನೆನಪು ಎರಡು ಬಗೆಯಿಂದ ಉಳಿಯಬಹುದು. ಮೊದಲನೆಯದು ಕಾವ್ಯ. ಘಟಪ್ರಭೆಯ ದಂಡೆಯ ಮುಧೋಳವೇ ರನ್ನನ ಮುದುವೊಳಲು. ಬಳೆಗಾರರ ಮನೆತನದಲ್ಲಿ ಹುಟ್ಟಿ, ಕ್ರಿ. ಶ. 993ರಲ್ಲಿ ಅಜಿತಪುರಾಣವನ್ನು ಮುಗಿಸಿದ ಈ ಕವಿಯಿಂದ ಊರಿನ ಹೆಸರು ಸಾವಿರ ವರ್ಷ ಬಾಳಿತು. ಎರಡನೆಯದು ಕಲ್ಲಿನ ಬರಹ. ತೇರದಾಳದಲ್ಲಿ ಮಂಡಲಿಕ ಗೊಂಕನು ನೇಮಿನಾಥನ ಬಸದಿಯನ್ನು ಕಟ್ಟಿಸಿದ ಸಂಗತಿಯನ್ನು ಶಕ 1045ರ, ಅಂದರೆ ಕ್ರಿ. ಶ. 1123ರ ಸುಮಾರಿನ, ಶಾಸನವು ಹೇಳುತ್ತದೆ. ಆಗ ಈ ನಾಡು ರಟ್ಟರ ಕಾರ್ತವೀರ್ಯನ ಆಳಿಕೆಗೆ ಸೇರಿದ್ದಿತು. ಕಟ್ಟಿಸಿದವನಾರು, ಯಾವಾಗ, ಯಾರಿಗಾಗಿ ಎಂಬ ಮೂರು ಮಾತುಗಳನ್ನು ಆ ಕಲ್ಲು ಇಂದಿಗೂ ತಿಳಿಸುತ್ತಿರುವದು.

ಅರಮನೆಗಳಿಗೂ ಬರಹದ ಬಲವುಂಟು. ಜಮಖಂಡಿಯ ಪಟವರ್ಧನ ಸಂಸ್ಥಾನವು 1948ರಲ್ಲಿ ವಿಲೀನವಾದರೂ ರಾಮತೀರ್ಥದ ಅರಮನೆಯ ಇತಿಹಾಸವು ದಫ್ತರಗಳಲ್ಲಿ ಉಳಿಯುವದು. ಕವಿಯೂ ಇಲ್ಲದ, ಶಾಸನವೂ ಇಲ್ಲದ, ದಫ್ತರವೂ ಇಲ್ಲದ ಮನೆಗಳ ಗತಿಯೇ ಬೇರೆ. ಕಲ್ಲು ಮಣ್ಣಿನ ದಪ್ಪ ಗೋಡೆ, ತೊಲೆ ಜಂತಿಗಳ ಮೇಲಿನ ಮೇಲ್ಮುದ್ದೆ, ಬೆಳಕಿಂಡಿಯ ಕೆಳಗಿನ ಪಡಸಾಲೆ, ನೇಕಾರನ ಮನೆಯಲ್ಲಿ ಕುಣಿಮಗ್ಗ: ಇವು ಈ ಸೀಮೆಯ ನಿಜವಾದ ವಾಸ್ತುಶಿಲ್ಪ. ಇವನ್ನು ಕಟ್ಟಿದ ಬಡಿಗ ಉಪ್ಪಾರರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಆಲಮಟ್ಟಿಯ ಜಲಾಶಯದಲ್ಲಿ ನೀರು 519.6 ಮೀಟರಿನವರೆಗೆ ನಿಂತಾಗ ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಬಹುಭಾಗವು ಮುಳುಗಿ, ಜನರು ಎತ್ತರದ ನವನಗರಕ್ಕೆ ಹೋಗಬೇಕಾಯಿತು. ಅಮೇರಿಕೆಯಲ್ಲಿಯೂ ಇಂಥ ಉದಾಹರಣೆಯುಂಟು. ಓಹಾಯೋ ನದಿಯ ದಂಡೆಯ ಶಾನೀಟೌನ್ ಎಂಬ ಊರು 1937ರ ಮಹಾಪೂರದ ತರುವಾಯ ದಿಬ್ಬದ ಮೇಲಕ್ಕೆ ಸರಿಯಿತು. ಹಳೆಯ ಊರು ಬಹುಮಟ್ಟಿಗೆ ಬರಿದಾಯಿತು. ಆದರೂ 1841ರ ಹೊತ್ತಿಗೆ ಮುಗಿದ ಕಂಬಸಾಲಿನ ಬ್ಯಾಂಕಿನ ಕಟ್ಟಡವು ಅಲ್ಲಿಯೇ ನಿಂತು, ಇಲ್ಲೊಂದು ಊರಿತ್ತೆಂದು ಸಾರುತ್ತಿದೆ. ಪೂರವು ಬಂದು ಇಳಿಯುವದು, ಜಲಾಶಯದ ನೀರು ಹಾಗೆ ಇಳಿದುಹೋಗುವಂಥದಲ್ಲ. ಇದೇ ಎರಡಕ್ಕೂ ಇರುವ ಭೇದ.

2010ರಲ್ಲಿ ಕೃಷ್ಣಾ ನ್ಯಾಯಾಧಿಕರಣವು ಆಲಮಟ್ಟಿಯ ನೀರನ್ನು 524.256 ಮೀಟರಿನವರೆಗೆ ಏರಿಸಲು ಒಪ್ಪಿಗೆಯಿತ್ತಿತು. ಒಣಭೂಮಿಗೆ ನೀರು ಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಪರಿಹಾರದ ಪಟ್ಟಿಯಲ್ಲಿ ಮನೆಗೆ ಬೆಲೆ ಬರುವದೇ ಹೊರತು ಅದರ ಚರಿತ್ರೆಯು ಬರುವದಿಲ್ಲ. ಆದಕಾರಣ ನೀರು ಬರುವ ಮುನ್ನವೇ ಮನೆಗಳ ಅಳತೆ, ಚಿತ್ರ, ಹಳೆಯ ಕಾಗದಪತ್ರಗಳ ಪ್ರತಿ, ಹಿರಿಯರ ಹೇಳಿಕೆ ಇವುಗಳನ್ನು ಸುಶಿಕ್ಷಿತ ಮನೆತನದವರು ಬರೆದಿಡುವದು ಯೋಗ್ಯವು. ಗೊಂಕನ ಶಾಸನವು ಮಾಡಿದ್ದೂ ಇಷ್ಟೇ ಕೆಲಸ.