ಸಂತ ಲಾರೆನ್ಸರು ತೋರಿಸಿದ ಭಂಡಾರ



ನಮ್ಮ ಸೊಲ್ಲಾಪುರದಲ್ಲಿ ಸಿದ್ಧೇಶ್ವರರ ಗಡ್ಡಾ ಯಾತ್ರೆ ನಡೆಯುವ ಜನವರಿ ತಿಂಗಳಲ್ಲೇ, ದೂರದ ಕಾರ್ಕಳದ ಹತ್ತಿರ ಅತ್ತೂರಿನಲ್ಲೂ ದೊಡ್ಡ ಜಾತ್ರೆ ಸೇರುತ್ತದೆ. ಅದು ಸಂತ ಲಾರೆನ್ಸರ ಜಾತ್ರೆ. 2016ರಲ್ಲಿ ಬಸಿಲಿಕ ಎಂಬ ಗೌರವ ಪಡೆದ ಆ ದೇವಾಲಯಕ್ಕೆ ಎಲ್ಲ ಧರ್ಮದವರೂ ಹರಕೆ ಹೊತ್ತು, ಮೇಣದಬತ್ತಿ ಹಿಡಿದು ಬರುತ್ತಾರೆ. ಆದರೆ ಈ ಸಂತರು ಯಾರು ಎಂದು ಕೇಳಿದರೆ, ‘ಬೆಂಕಿಯಲ್ಲಿ ಸುಟ್ಟು ಕೊಂದರಲ್ಲ, ಅವರು’ ಎನ್ನುವಲ್ಲಿಗೆ ನಮ್ಮ ಉತ್ತರ ಮುಗಿಯುತ್ತದೆ. ಅವರು ಮಾಡುತ್ತಿದ್ದ ಕೆಲಸ ಏನೆಂದು ತಿಳಿಯದೆ ಅವರ ಸಾವು ಅರ್ಥವಾಗದು.

ಲಾರೆನ್ಸರು ರೋಮ್ ಧರ್ಮಸಭೆಯ ಏಳು ಮಂದಿ ಡೀಕನ್ನರಲ್ಲಿ ಒಬ್ಬರು. ಕಾಣಿಕೆಯ ಹಣ ನೋಡಿಕೊಳ್ಳುವುದು, ಅದನ್ನು ಬಡವರಿಗೆ ಮುಟ್ಟಿಸುವುದು ಡೀಕನ್ನರ ಹೊಣೆ. ಅದೇನು ಸಣ್ಣ ಲೆಕ್ಕವಲ್ಲ. ಕ್ರಿ.ಶ. 251ರ ಸುಮಾರಿಗೆ ಜಗದ್ಗುರು ಕೊರ್ನೇಲಿಯರು ಬರೆದ ಪತ್ರದ ಭಾಗವೊಂದು ಯುಸೇಬಿಯರ ಇತಿಹಾಸ ಗ್ರಂಥದಲ್ಲಿ ಉಳಿದಿದೆ. ರೋಮ್ ಸಭೆ 1,500ಕ್ಕೂ ಹೆಚ್ಚು ವಿಧವೆಯರನ್ನೂ ದಿಕ್ಕಿಲ್ಲದವರನ್ನೂ ಸಾಕುತ್ತಿತ್ತು ಎಂದು ಅದರಲ್ಲಿದೆ. ಯಾವಾಗ ಹಿಂಸೆ ಬಂದೆರಗುತ್ತದೋ ಎಂಬ ಭಯದಲ್ಲೇ ಇದ್ದ ಸಭೆ ಇಷ್ಟು ಜನರ ಹೊಟ್ಟೆ ನೋಡುತ್ತಿತ್ತು!

258ರಲ್ಲಿ ಚಕ್ರವರ್ತಿ ವಲೇರಿಯನ್ ಆಜ್ಞೆ ಹೊರಡಿಸಿದ: ಧರ್ಮಾಧ್ಯಕ್ಷರು, ಯಾಜಕರು, ಡೀಕನ್ನರು ಸಿಕ್ಕ ಕೂಡಲೇ ಕೊಲ್ಲಬೇಕು, ದೊಡ್ಡ ಮನೆತನದ ಕ್ರೈಸ್ತರ ಆಸ್ತಿ ಜಪ್ತಿಯಾಗಬೇಕು. ಆಗಸ್ಟ್ 6ರಂದು ಜಗದ್ಗುರು ಎರಡನೆಯ ಸಿಕ್ಸ್ತುಸರನ್ನು ಸಮಾಧಿಸ್ಥಳದಲ್ಲೇ ಕೊಂದರು. ಜೊತೆಗೆ ನಾಲ್ವರು ಡೀಕನ್ನರನ್ನೂ ಕೊಂದರೆಂದು ಕಾರ್ಥೇಜಿನ ಸಂತ ಸಿಪ್ರಿಯಾನರ ಪತ್ರ ತಿಳಿಸುತ್ತದೆ. ನಾಲ್ಕು ದಿನದ ಬಳಿಕ ಲಾರೆನ್ಸರ ಸರದಿ.

ಮುಂದಿನ ಕಥೆಯನ್ನು ಬರೆದವರು ಮಿಲಾನಿನ ಸಂತ ಅಂಬ್ರೋಸರು, ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ. ಸಭೆಯ ಭಂಡಾರ ಒಪ್ಪಿಸು ಎಂದಾಗ ಲಾರೆನ್ಸರು ಒಪ್ಪಿ ಹೋಗಿ, ಬಡವರನ್ನು ಕರೆತಂದು, ಇವರೇ ಸಭೆಯ ಭಂಡಾರ ಎಂದರಂತೆ. ಕಬ್ಬಿಣದ ಜಾಲರಿಯ ಮೇಲೆ ಸುಡಿಸಿಕೊಳ್ಳುತ್ತ, ಈ ಮಗ್ಗುಲು ಬೆಂದಿತು, ಹೊರಳಿಸಿ ಎಂದರೆನ್ನುವ ಮಾತೂ ಅಂಬ್ರೋಸರಲ್ಲಿದೆ. ಆ ಜಾಲರಿಯನ್ನು ಕೆಲವು ಇತಿಹಾಸಕಾರರು ನಂಬುವುದಿಲ್ಲ. ಉಳಿದವರಂತೆ ಅವರಿಗೂ ಕತ್ತಿಯೇ ಗತಿಯಾಗಿರಬೇಕು ಎನ್ನುತ್ತಾರೆ. ಇರಬಹುದು. ನನಗಂತೂ ಭಂಡಾರದ ಕಥೆಯೇ ಹೆಚ್ಚು ನಂಬಿಕೆಗೆ ಅರ್ಹ ಅನಿಸುತ್ತದೆ. ಕರೆತರಲು ಜನ ಇದ್ದರು; ಕೊರ್ನೇಲಿಯರ ಪತ್ರ ಏಳು ವರ್ಷ ಮೊದಲೇ ಅವರನ್ನು ಎಣಿಸಿಟ್ಟಿತ್ತು.

ಲಾರೆನ್ಸರನ್ನು ತಿಬುರ್ತೀನಾ ರಸ್ತೆಯ ಬದಿಯಲ್ಲಿ ಮಣ್ಣು ಮಾಡಿದರು. ರೋಮ್ ಕೋಟೆಗೋಡೆಯ ಹೊರಗಿನ ಆ ಜಾಗದಲ್ಲಿ ಇಂದಿಗೂ ಅವರ ಬಸಿಲಿಕ ಇದೆ. ಅತ್ತೂರಿನ ಜಾತ್ರೆ ಜನವರಿಯಲ್ಲಾದರೂ ಧರ್ಮಸಭೆಯ ಪಂಚಾಂಗದಲ್ಲಿ ಅವರ ಹಬ್ಬ ಆಗಸ್ಟ್ 10.